ಷಡ್ಜವೇ ಸಿಗದ ಸಂಗೀತ: 'ಪ್ಲಾನೆಟ್ ಆಫ್ ದಿ ಏಪ್ಸ್' ಹೇಗೆ ಕೇಳಬೇಕು?

ಮೀಟು | ಭಾನುವಾರ ರಾತ್ರಿ

ನಮಸ್ಕಾರ. ಎರಡು ವಾರದ ಹಿಂದೆ 'ಪ್ಲಾನೆಟ್ ಆಫ್ ದಿ ಏಪ್ಸ್' ನೋಡಿದೆ. ಹೊಸ ಸರಣಿ ಅಲ್ಲ, 1968ರದ್ದು, ಫ್ರಾಂಕ್ಲಿನ್ ಶಾಫ್ನರ್ ನಿರ್ದೇಶಿಸಿದ್ದು. ವಾನರರು ಆಳುವ ಗ್ರಹದಲ್ಲಿ ಸಿಕ್ಕಿಬೀಳುವ ಗಗನಯಾತ್ರಿಗಳ ಕಥೆ. ಸಿನಿಮಾ ಮುಗಿದ ಮೇಲೂ ಮೈಯಲ್ಲಿ ಏನೋ ಒಂದು ಅಳುಕು ಉಳಿಯಿತು. ಅದು ಕಥೆಯಿಂದ ಮಾತ್ರ ಬಂದದ್ದಲ್ಲ, ಸಂಗೀತದಿಂದಲೂ ಬಂದದ್ದು ಅನ್ನಿಸಿತು. ಜೆರ್ರಿ ಗೋಲ್ಡ್‌ಸ್ಮಿತ್ ಅವರ ಸಂಗೀತ. ಆಲ್ಬಮ್ ಹುಡುಕಿ, ಹೆಡ್‌ಫೋನ್ ಹಾಕಿಕೊಂಡು ಕೂತೆ.

ಮೂರು ಸಲ ಕೂತೆ. ಮೂರು ಸಲವೂ ಅರ್ಧಕ್ಕೆ ಎದ್ದೆ.

ನಾನು ಹನ್ನೊಂದು ವರ್ಷದಿಂದ ವೀಣೆ ಕಲಿಯುತ್ತಿದ್ದೇನೆ. ಯಾವ ಸಂಗೀತ ಕಿವಿಗೆ ಬಿದ್ದರೂ ಮೊದಲು ಶ್ರುತಿ ಹುಡುಕುತ್ತೇನೆ. ಸಿನಿಮಾ ಹಾಡಾದರೂ ಅಷ್ಟೇ, ಮದುವೆ ಮನೆಯ ವಾಲಗವಾದರೂ ಅಷ್ಟೇ. ಇಲ್ಲಿ ಷಡ್ಜವೇ, ಅಂದರೆ ಎಲ್ಲ ಸ್ವರಗಳಿಗೂ ಆಧಾರವಾದ 'ಸ'ವೇ, ಸಿಗುವುದಿಲ್ಲ. ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿ ಹೋಗುತ್ತದೆ. ಗುನುಗಲು ಒಂದು ಸಾಲೂ ಇಲ್ಲ. ಆದರೆ ಬಿಟ್ಟುಬಿಡೋಣ ಅಂದರೆ ಮನಸ್ಸು ಒಪ್ಪುತ್ತಿಲ್ಲ. ಇಲ್ಲಿ ಪಾಶ್ಚಾತ್ಯ ವಾದ್ಯಮೇಳ ಕೇಳಿ ರೂಢಿ ಇರುವವರು ಇದ್ದೀರಿ. ಇದನ್ನು ಎಲ್ಲಿಂದ ಶುರು ಮಾಡಬೇಕು? ಏನನ್ನು ಹಿಡಿದುಕೊಂಡು ಕೇಳಬೇಕು?

ಕೆಳಗಿನ ತಂತಿ | ಭಾನುವಾರ ರಾತ್ರಿ

ಮೀಟು ಅವರೇ, ನಾನು ವಯೋಲಾ ನುಡಿಸುತ್ತೇನೆ, ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ. ಆರ್ಕೆಸ್ಟ್ರಾದಲ್ಲಿ ನಡುವೆ ಕೂರುವವನು. ನೀವು ಹೇಳಿದ್ದು ಸರಿಯಾಗಿಯೇ ಇದೆ. ಷಡ್ಜ ಸಿಗದಿರುವುದು ನಿಮ್ಮ ಕಿವಿಯ ದೋಷ ಅಲ್ಲ. ಸಿಗಬಾರದು ಅಂತಲೇ ಬರೆದದ್ದು.

ನಮ್ಮಲ್ಲಿ ಹನ್ನೆರಡು ಸ್ವರಸ್ಥಾನ ಇವೆಯಲ್ಲ, ಪಾಶ್ಚಾತ್ಯ ಸಂಗೀತದಲ್ಲೂ ಹನ್ನೆರಡೇ. ನಾವು ಏನು ಮಾಡುತ್ತೇವೆ? ಹನ್ನೆರಡರಲ್ಲಿ ಕೆಲವನ್ನು ಆರಿಸಿಕೊಳ್ಳುತ್ತೇವೆ. ಅದರಲ್ಲೂ ಒಂದಕ್ಕೆ ಹೆಚ್ಚು ಬಲ, ಒಂದಕ್ಕೆ ಕಡಿಮೆ. ಕೆಳಗೆ ತಂಬೂರಿ ಬಿಡದೆ 'ಸ' ಹಿಡಿದಿರುತ್ತದೆ. ಎಷ್ಟು ದೂರ ಹೋದರೂ ವಾಪಸ್ ಬರಲು ಒಂದು ಜಾಗ ಇದೆ. 1920ರ ದಶಕದಲ್ಲಿ ಸಂಗೀತ ರಚನಕಾರ ಅರ್ನಾಲ್ಡ್ ಶೋನ್‌ಬರ್ಗ್ ಇದಕ್ಕೆ ಪೂರಾ ತಿರುಗುಮುರುಗಾದ ಒಂದು ದಾರಿ ಹಾಕಿದರು. ಹನ್ನೆರಡೂ ಸ್ವರಗಳನ್ನು ಒಂದು ಸಾಲಿನಲ್ಲಿ ಜೋಡಿಸಿಕೊಳ್ಳುವುದು. ಹನ್ನೆರಡೂ ಬಂದು ಹೋಗುವ ತನಕ ಯಾವುದನ್ನೂ ಮತ್ತೆ ಮುಟ್ಟದಿರುವುದು. ಹೀಗೆ ಮಾಡಿದರೆ ಯಾವ ಸ್ವರವೂ ಯಜಮಾನ ಆಗುವುದಿಲ್ಲ.

ಗೋಲ್ಡ್‌ಸ್ಮಿತ್ ಈ ಸಿನಿಮಾದಲ್ಲಿ ಆ ದಾರಿ ಹಿಡಿದಿದ್ದಾರೆ. ಕಟ್ಟುನಿಟ್ಟಾಗಿ ಅಲ್ಲ. ಬೇಕಾದ ಕಡೆ ಬಿಟ್ಟು, ಸ್ಟ್ರಾವಿನ್‌ಸ್ಕಿ, ಬಾರ್ಟಾಕ್ ಎಂಬ ರಚನಕಾರರ ತರಹ ಗಟ್ಟಿ ಲಯದ ಕಡೆ ತಿರುಗುತ್ತಾರೆ. ಹಾಗಾಗಿ ನೀವು ಮೊದಲು ಲಯದ ಕೈ ಹಿಡಿಯಿರಿ. ರಾಗ ಹುಡುಕುವುದನ್ನು ಒಂದು ವಾರ ಬದಿಗಿಡಿ.

ಇನ್ನೊಂದು ಮಾತು. ಈ ಬಗೆಯ ಸಂಗೀತ ಹಾಲಿವುಡ್‌ಗೆ ಹೇಗೆ ಬಂತು ಅನ್ನುವುದು ನನಗೆ ತುಂಬಾ ಹತ್ತಿರದ ವಿಷಯ. ನಾಜಿಗಳ ಕಾಲದಲ್ಲಿ ಯುರೋಪ್ ಬಿಟ್ಟು ಓಡಿಬಂದ ಎಷ್ಟೋ ಸಂಗೀತಗಾರರು ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದರು. ಸ್ವತಃ ಶೋನ್‌ಬರ್ಗ್ 1934ರಲ್ಲಿ ಅಲ್ಲಿಗೆ ಬಂದು ಪಾಠ ಹೇಳಿದರು. ಇಟಲಿಯ ರಚನಕಾರ ಮಾರಿಯೋ ಕಾಸ್ತೆಲ್‌ನುವೋ ತೆದೆಸ್ಕೋ 1939ರಲ್ಲಿ ಊರು ಬಿಟ್ಟು ಅಮೆರಿಕಕ್ಕೆ ಬಂದರು. ಗೋಲ್ಡ್‌ಸ್ಮಿತ್ ಕಲಿತದ್ದು ಅವರ ಹತ್ತಿರ. ಗೋಲ್ಡ್‌ಸ್ಮಿತ್ ಹುಟ್ಟಿದ್ದು ಲಾಸ್ ಏಂಜಲೀಸ್‌ನಲ್ಲೇ, 1929ರಲ್ಲಿ. ಮನೆ ಕಳೆದುಕೊಂಡವರ ನಡುವೆ ಬೆಳೆದ ಸಂಗೀತ ಇದು. ಅದರಲ್ಲಿ ಆಧಾರ ಷಡ್ಜ ಇಲ್ಲದಿರುವುದು ನನಗೆ ಬರೀ ತಂತ್ರ ಅಂತ ಯಾವತ್ತೂ ಅನ್ನಿಸಿಲ್ಲ.

ಸಂಜೆ ಬಸ್ಸು | ಸೋಮವಾರ ಬೆಳಿಗ್ಗೆ

ನನ್ನದು ಬೇರೆ ಅಭಿಪ್ರಾಯ. ಬೇಸರ ಮಾಡಿಕೊಳ್ಳಬೇಡಿ.

ಸಿನಿಮಾ ಸಂಗೀತ ಸಿನಿಮಾಕ್ಕಾಗಿ ಮಾಡಿದ್ದು. ಪರದೆಯ ಮೇಲೆ ಕುದುರೆ ಹತ್ತಿದ ಗೊರಿಲ್ಲಾಗಳು ಬರುವಾಗ ಈ ಸದ್ದು ಎದೆ ನಡುಗಿಸುತ್ತದೆ, ಒಪ್ಪುತ್ತೇನೆ. ಆದರೆ ಚಿತ್ರ ತೆಗೆದು ಬರೀ ಸದ್ದು ಇಟ್ಟುಕೊಂಡು ಅರ್ಧ ಗಂಟೆ ಕಷ್ಟಪಟ್ಟು ಕೂರುವುದು ಯಾಕೆ? ದಿನವಿಡೀ ಕೆಲಸ ಮಾಡಿ ಬಸ್ಸಲ್ಲಿ ನಿಂತು ಮನೆಗೆ ಬರುವವನಿಗೆ ಸಂಗೀತ ಅಂದರೆ ನೀರಿದ್ದ ಹಾಗೆ. ಅದನ್ನು ಕುಡಿಯಲು ತರಬೇತಿ ಬೇಕು ಅಂದರೆ ನನಗೆ ಒಪ್ಪಿಗೆ ಆಗುವುದಿಲ್ಲ. ಮೀಟು ಅವರು ಮೂರು ಸಲ ಪ್ರಯತ್ನಿಸಿದ್ದಾರೆ. ಅಷ್ಟು ಸಾಕು ಅಂತ ನನ್ನ ಅನಿಸಿಕೆ.

ಬೆಳ್ಳಿಪರದೆ | ಸೋಮವಾರ ಮಧ್ಯಾಹ್ನ

ಸಂಜೆ ಬಸ್ಸು ಅವರ ಮಾತಲ್ಲಿ ನ್ಯಾಯ ಇದೆ. ಆದರೆ ಸಿನಿಮಾದಲ್ಲಿ ಕೇಳುವುದೇ ಪೂರ್ತಿ ಕೇಳಿದ ಹಾಗೆ ಅನ್ನುವುದು ಯಾವಾಗಲೂ ನಿಜ ಅಲ್ಲ. ಇದೇ ಗೋಲ್ಡ್‌ಸ್ಮಿತ್ 1979ರಲ್ಲಿ 'ಏಲಿಯನ್' ಅನ್ನುವ ಸಿನಿಮಾಕ್ಕೆ ಸಂಗೀತ ಕೊಟ್ಟರು. ಅಲ್ಲಿ ಅವರು ಬರೆದ ಮೊದಲ ಟೈಟಲ್ ಸಂಗೀತ ಬೇಡ ಅಂತಾಗಿ ಇನ್ನೊಂದು ಬರೆದರು. ಕೆಲವು ಕಡೆ ಅವರದೇ ಹಳೆಯ ಸಿನಿಮಾ 'ಫ್ರಾಯ್ಡ್'ನ ತುಣುಕು ತಂದು ಅಂಟಿಸಿದರು. ಕೊನೆಯಲ್ಲಿ ಅವರ ಸಂಗೀತ ತೆಗೆದು ಹೋವರ್ಡ್ ಹ್ಯಾನ್ಸನ್ ಅವರ ಎರಡನೇ ಸಿಂಫನಿ ಹಾಕಿದರು. ಅಂದರೆ ಅವರು ಮನಸ್ಸಲ್ಲಿ ಕಟ್ಟಿದ್ದು ಏನು ಅಂತ ತಿಳಿಯಬೇಕಾದರೆ ಆಲ್ಬಮ್ಮೇ ಗತಿ. ಪರದೆಯ ಮುಂದೆ ಕೂತರೆ ಸಿಗುವುದಿಲ್ಲ.

'ಏಪ್ಸ್' ವಿಷಯದಲ್ಲಿ ಇದಕ್ಕೆ ಉಲ್ಟಾ ಆಯಿತು. ಸಿನಿಮಾದಲ್ಲಿ ಎಲ್ಲರಿಗೂ ನೆನಪು ಉಳಿಯುವ ತುಣುಕು 'ದಿ ಹಂಟ್', ಬೇಟೆಯ ದೃಶ್ಯ. 1968ರಲ್ಲಿ ಬಂದ ಮೊದಲ ಎಲ್‌ಪಿ ರೆಕಾರ್ಡಿನಲ್ಲಿ ಅದೇ ಇರಲಿಲ್ಲ! ಅದನ್ನು ಮನೆಯಲ್ಲಿ ಕೇಳಲು ಜನ 1990ರ ದಶಕದ ಸಿಡಿ ಬರುವ ತನಕ ಕಾಯಬೇಕಾಯಿತು.

ಈ ಸಂಗೀತ ಆಸ್ಕರ್‌ಗೆ ನಾಮನಿರ್ದೇಶನ ಆಗಿತ್ತು, ಗೆದ್ದದ್ದು ಜಾನ್ ಬ್ಯಾರಿ ಅವರ 'ದಿ ಲಯನ್ ಇನ್ ವಿಂಟರ್'. 2005ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 25 ಶ್ರೇಷ್ಠ ಚಿತ್ರ ಸಂಗೀತಗಳ ಪಟ್ಟಿ ಮಾಡಿದಾಗ 'ಏಪ್ಸ್' 18ನೇ ಜಾಗದಲ್ಲಿತ್ತು.

ತಕಧಿಮಿ | ಸೋಮವಾರ ರಾತ್ರಿ

ನಾನು ಮೃದಂಗದ ವಿದ್ಯಾರ್ಥಿ. 'ದಿ ಹಂಟ್' ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಮೀಟು ಅವರಿಗೆ ಉಪಯೋಗ ಆಗಬಹುದು.

ಮೊದಲ ಸಲ ಕೇಳಿದಾಗ ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕಲು ಹೋದೆ. ಎರಡು ಆವರ್ತ ಸರಿ ಇದ್ದ ಹಾಗೆ ಅನ್ನಿಸಿತು. ಆಮೇಲೆ ಸಮ, ಅಂದರೆ ಆವರ್ತದ ಮೊದಲ ಏಟು, ಎಲ್ಲಿ ಬಿತ್ತು ಅಂತಲೇ ಗೊತ್ತಾಗಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಪ್ರತಿ ಸಲವೂ ಅದೇ ಜಾಗದಲ್ಲಿ ಎಡವಿದೆ. ಕೊನೆಗೆ ತಾಳ ಹಾಕುವುದನ್ನು ನಿಲ್ಲಿಸಿದೆ. ಬರೀ ಒತ್ತು ಬೀಳುವ ಜಾಗಗಳನ್ನು ಬಾಯಲ್ಲಿ ಸೊಲ್ಲುಕಟ್ಟಾಗಿ ಹೇಳಿಕೊಂಡೆ. ಮೂರು ಬಂದ ಕಡೆ 'ತಕಿಟ', ನಾಲ್ಕು ಬಂದ ಕಡೆ 'ತಕಧಿಮಿ'. ಲೆಕ್ಕ ಕೂಡಬೇಕು ಅನ್ನುವ ಹಟ ಬಿಟ್ಟೆ. ಆಗ ಅದು ಓಟದ ಹಾಗೆ ಕೇಳಿಸಿತು. ಬೆನ್ನಟ್ಟಿಸಿಕೊಂಡವನು ಓಡುವುದು. ಅವನು ಸಮ ನೋಡಿಕೊಂಡು ಓಡುತ್ತಾನೆಯೇ? ಎಡವುತ್ತಾನೆ, ತಿರುಗುತ್ತಾನೆ, ದಿಕ್ಕು ಬದಲಿಸುತ್ತಾನೆ. ಒತ್ತುಗಳು ಹಾಗೇ ಬೀಳುತ್ತವೆ.

ಅದರಲ್ಲಿ ಪಿಯಾನೋವನ್ನು ಹಿಡಿಯಿರಿ. ಕೆಳಗಿನ ಸ್ಥಾಯಿಯಲ್ಲಿ ಸುತ್ತಿಗೆಯ ಹಾಗೆ ಬಡಿಯುತ್ತಿರುತ್ತದೆ. ಇಡೀ ತುಣುಕು ಸುಮಾರು 5 ನಿಮಿಷ. ಮೊದಲ ದಿನ ಪಿಯಾನೋ ಒಂದನ್ನೇ ಹಿಂಬಾಲಿಸಿ. ಬೇರೆ ಏನು ಬಂದರೂ ಬರಲಿ, ಹೋದರೆ ಹೋಗಲಿ.

ಕೆಳಗಿನ ತಂತಿ | ಸೋಮವಾರ ರಾತ್ರಿ

ತಕಧಿಮಿ ಅವರ ಸಲಹೆ ನನ್ನದಕ್ಕಿಂತ ಚೆನ್ನಾಗಿದೆ. ಅದಕ್ಕೆ ಒಂದಿಷ್ಟು ಸೇರಿಸುತ್ತೇನೆ. ಪಿಯಾನೋ ಕೈಗೆ ಸಿಕ್ಕಿದ ಮೇಲೆ ಈ ಸದ್ದುಗಳನ್ನು ಒಂದೊಂದಾಗಿ ಹುಡುಕಬಹುದು.

ಈ ಸಂಗೀತದಲ್ಲಿ ಸಿಂಥಸೈಜರ್ ಇಲ್ಲ. ಕೇಳಿದವರು ಯಂತ್ರದ ಸದ್ದು ಅಂದುಕೊಳ್ಳುತ್ತಾರೆ, ಆದರೆ ಎಲ್ಲವೂ ಮನುಷ್ಯರು ಕೈಯಲ್ಲಿ, ಬಾಯಲ್ಲಿ ನುಡಿಸಿದ್ದು. ತಾಳವಾದ್ಯಗಾರ ಎಮಿಲ್ ರಿಚರ್ಡ್ಸ್ ಅಡುಗೆಮನೆಯ ಸ್ಟೀಲ್ ಬಟ್ಟಲುಗಳನ್ನು ತಂದು ನುಡಿಸಿದರು. ಹಿಟ್ಟು ಕಲಸುವ ಬಟ್ಟಲುಗಳು. ಬಾಸ್ ಕ್ಲಾರಿನೆಟ್‌ನವರು ಊದದೆ ಬರೀ ಕೀಲಿಗಳನ್ನು ಟಕಟಕ ಒತ್ತಿದರು. ಹಾರ್ನ್‌ನವರು ಮೌತ್‌ಪೀಸ್ ತಿರುಗಿಸಿಟ್ಟು ಗಾಳಿ ಊದಿದರು. ಬೇಟೆಯ ದೃಶ್ಯದಲ್ಲಿ ಟಗರಿನ ಕೊಂಬು ಊದುತ್ತಾರೆ. ಜತೆಗೆ ಬ್ರೆಜಿಲ್‌ನ ಕುಯಿಕಾ ಅನ್ನುವ ಚರ್ಮವಾದ್ಯ ಇದೆ. 'ಹೂ ಹೂ' ಅಂತ ಕೋತಿ ಕೂಗಿದ ಹಾಗೆ ಕೇಳಿಸುವುದು ಅದೇ.

ಯಂತ್ರ ಅಂತ ಇದ್ದದ್ದು ಎಕೋಪ್ಲೆಕ್ಸ್ ಒಂದೇ. ಟೇಪಿನ ಮೇಲೆ ಸದ್ದನ್ನು ಹಿಡಿದು ಸ್ವಲ್ಪ ತಡವಾಗಿ ಮತ್ತೆ ಮತ್ತೆ ಕೇಳಿಸುವ ಪೆಟ್ಟಿಗೆ. ಮೂವರು ಗಗನಯಾತ್ರಿಗಳು ಮರಳುಗಾಡಲ್ಲಿ ನಡೆಯುವ ಭಾಗ ಮತ್ತೊಮ್ಮೆ ಕೇಳಿ. ಒಂದು ಏಟು ಬೀಳುತ್ತದೆ. ಅದರ ಮರುದನಿ ಬಂಡೆಗೆ ಬಡಿದು ವಾಪಸ್ ಬಂದ ಹಾಗೆ ಬರುತ್ತದೆ, ಸಣ್ಣದಾಗುತ್ತಾ ಹೋಗುತ್ತದೆ. ಕಣ್ಣು ಮುಚ್ಚಿ ಕೇಳಿದರೂ ಆ ಜಾಗ ಎಷ್ಟು ಖಾಲಿ ಅಂತ ತಿಳಿಯುತ್ತದೆ. ಎರಡು ವರ್ಷದ ನಂತರ ಇದೇ ನಿರ್ದೇಶಕರ 'ಪ್ಯಾಟನ್'ನಲ್ಲಿ ತುತ್ತೂರಿಯ ಮೂರು ಸ್ವರ ಮರುದನಿಸುತ್ತದಲ್ಲ, ಅದಕ್ಕೂ ಇದೇ ಉಪಾಯ.

ಒಂದು ಎಚ್ಚರಿಕೆ. ಮೆಲ್ಲಗಿನ ಭಾಗ ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸಬೇಡಿ. ಮೊದಲು 'ದಿ ಹಂಟ್'ನ ಅತಿ ಜೋರಿನ ಜಾಗ ಹಾಕಿ, ಕಿವಿಗೆ ಹಿತ ಅನ್ನುವಷ್ಟಕ್ಕೆ ಇಟ್ಟುಕೊಳ್ಳಿ. ಆಮೇಲೆ ಮುಟ್ಟಲೇಬೇಡಿ. ಮೆಲ್ಲಗಿನದು ಮೆಲ್ಲಗೇ ಇರಬೇಕು. ಅದಕ್ಕಾಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳುವುದು ವಾಸಿ. ತಲೆನೋವಿನ ಅರ್ಧ ಪಾಲು ವಾಲ್ಯೂಮ್‌ನಿಂದಲೇ ಬರುತ್ತದೆ ಅಂತ ನನ್ನ ಅನುಭವ.

ಮಾಗಡಿ ರಸ್ತೆ | ಮಂಗಳವಾರ ಬೆಳಿಗ್ಗೆ

ಕುಯಿಕಾ ಅಂದರೆ ಉರುಮೆ ತರಹವೇ? ನಮ್ಮ ಕಡೆ ಜಾತ್ರೆಗಳಲ್ಲಿ ಉರುಮೆ ಇರುತ್ತದೆ. ಬಾಗಿದ ಕಡ್ಡಿಯಿಂದ ಚರ್ಮವನ್ನು ಉಜ್ಜಿದರೆ 'ಗುಂಯ್' ಅಂತ ಗುರುಗುಟ್ಟುತ್ತದೆ. ಸಣ್ಣವನಿದ್ದಾಗ ಅದನ್ನು ಕೇಳಿದರೆ ಅಮ್ಮನ ಸೆರಗು ಹಿಡಿಯುತ್ತಿದ್ದೆ.

ಕೆಳಗಿನ ತಂತಿ | ಮಂಗಳವಾರ ಬೆಳಿಗ್ಗೆ

ಹೌದು, ಹತ್ತಿರದ ನೆಂಟರು ಅನ್ನಬಹುದು. ಎರಡೂ ಉಜ್ಜಿ ನುಡಿಸುವಂಥವು. ಕುಯಿಕಾದಲ್ಲಿ ಕಡ್ಡಿ ಒಳಗಿರುತ್ತದೆ, ಚರ್ಮದ ನಡುವಿಗೆ ಕಟ್ಟಿರುತ್ತಾರೆ. ಒದ್ದೆ ಬಟ್ಟೆಯಿಂದ ಆ ಕಡ್ಡಿಯನ್ನು ಉಜ್ಜುತ್ತಾರೆ. ಇನ್ನೊಂದು ಕೈಯ ಬೆರಳಿಂದ ಹೊರಗಿನಿಂದ ಚರ್ಮ ಒತ್ತಿದರೆ ಸ್ವರ ಏರಿಳಿಯುತ್ತದೆ.

ಸಂಜೆ ಬಸ್ಸು | ಮಂಗಳವಾರ ಸಂಜೆ

ಬಟ್ಟಲು, ಕೊಂಬು, ಉರುಮೆಯ ನೆಂಟ... ಇವೆಲ್ಲ ತಿಳಿದು ಖುಷಿ ಆಯಿತು. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಸದ್ದು ಹೇಗೆ ಬಂತು ಅಂತ ಗೊತ್ತಾದರೆ ಸಂಗೀತ ಇಷ್ಟ ಆಗುತ್ತದೆಯೇ? ನನಗೆ ಸಾರಿನ ಪುಡಿಗೆ ಏನೇನು ಹಾಕಿದ್ದಾರೆ ಅಂತ ತಿಳಿದರೂ ನಾಲಿಗೆಗೆ ಹಿಡಿಸಬೇಕಲ್ಲ.

ಬೆಳ್ಳಿಪರದೆ | ಮಂಗಳವಾರ ರಾತ್ರಿ

ಒಳ್ಳೆಯ ಪ್ರಶ್ನೆ. ನನಗೆ ಇಷ್ಟ ಆದದ್ದು ಮಾಹಿತಿಯಿಂದ ಅಲ್ಲ, ಅದಂತೂ ಖಂಡಿತ. ನಾನು ಇದಕ್ಕೆ ಬಂದದ್ದು ಹಿಂಬಾಗಿಲಿನಿಂದ. ಗೋಲ್ಡ್‌ಸ್ಮಿತ್ ಅವರ 'ಚೈನಾಟೌನ್' (1974) ಮೊದಲು ಕೇಳಿದೆ. ಅದರಲ್ಲಿ ಒಂದು ಟ್ರಂಪೆಟ್ ರಾಗ ಇದೆ, ಯಾರಿಗಾದರೂ ಹಿಡಿಸುತ್ತದೆ. ಅದರ ಸುತ್ತ ಮಾತ್ರ ನಾಲ್ಕು ಪಿಯಾನೋ, ನಾಲ್ಕು ಹಾರ್ಪ್ ವಿಚಿತ್ರವಾಗಿ ಕೆರೆಯುತ್ತಾ, ತಟ್ಟುತ್ತಾ ಇರುತ್ತವೆ. ಹತ್ತೇ ದಿನದಲ್ಲಿ ಬರೆದ ಸಂಗೀತ ಅದು. ಟ್ರಂಪೆಟ್‌ಗೋಸ್ಕರ ಪದೇ ಪದೇ ಕೇಳಿದೆ. ಕೇಳುತ್ತಾ ಕೇಳುತ್ತಾ ಆ ಕೆರೆತ, ತಟ್ಟುವುದು ಯಾವಾಗ ಬರುತ್ತದೆ ಅಂತ ಕಾಯಲು ಶುರು ಮಾಡಿದೆ. ಅಲ್ಲಿಂದ 'ಏಪ್ಸ್' ದೂರ ಅನ್ನಿಸಲಿಲ್ಲ. ಸಂಜೆ ಬಸ್ಸು ಅವರೇ, ನೀವೂ ಅದರಿಂದ ಶುರು ಮಾಡಿ ನೋಡಿ. ಅದು ನೀರೇ. ಸ್ವಲ್ಪ ಸುಣ್ಣ ಜಾಸ್ತಿ ಇರುವ ಬಾವಿಯ ನೀರು.

ಮೀಟು | ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಆರು ದಿನ ಆಯಿತು. ಏನೇನಾಯಿತು ಅಂತ ಹೇಳಬೇಕು. ಸಿನಿಮಾ ನೋಡದವರು ಇದನ್ನು ಓದಬೇಡಿ, ಕೊನೆಯ ದೃಶ್ಯದ ಬಗ್ಗೆ ಬರೆಯುತ್ತಿದ್ದೇನೆ.

ಸೋಮವಾರದಿಂದ ಗುರುವಾರದ ತನಕ ದಿನಾ 'ದಿ ಹಂಟ್' ಒಂದನ್ನೇ ಕೇಳಿದೆ. ಮೊದಲ ದಿನ ಪಿಯಾನೋ. ಎರಡನೇ ದಿನ ಕೊಂಬು. ಕೊಂಬು ಬಂದಾಗಲೆಲ್ಲ ಉಳಿದವರೆಲ್ಲ ಅದರ ಮಾತು ಕೇಳಿ ಓಡುತ್ತಾರೆ ಅನ್ನಿಸಿತು. ಮೂರನೇ ದಿನ ಕುಯಿಕಾ. ಅದನ್ನು ಒಮ್ಮೆ ಗುರುತು ಹಿಡಿದ ಮೇಲೆ ತಪ್ಪಿಸಿಕೊಳ್ಳುವುದೇ ಇಲ್ಲ. ನಾಲ್ಕನೇ ದಿನ ಏನನ್ನೂ ಹುಡುಕದೆ ಸುಮ್ನೆ ಕೂತೆ. ಅವತ್ತು ಮೊದಲ ಸಲ ಪೂರ್ತಿ ಕೇಳಿದೆ. ಕೈ ತಣ್ಣಗಾಗಿತ್ತು.

ಶುಕ್ರವಾರ ಒಂದು ವಿಷಯ ಹೊಳೆಯಿತು. ನಾನು ಕೇಳಲು ಕೂರುತ್ತಿದ್ದದ್ದು ವೀಣೆ ಅಭ್ಯಾಸ ಮುಗಿಸಿದ ತಕ್ಷಣ. ತಲೆಯೊಳಗೆ ಶ್ರುತಿ ಇನ್ನೂ ಮೊಳಗುತ್ತಿರುತ್ತಿತ್ತು. ಪ್ರತಿ ಸ್ವರವನ್ನೂ ನನ್ನ ಷಡ್ಜಕ್ಕೆ ಅಳೆಯುತ್ತಿದ್ದೆ. ಅದಕ್ಕೇ ಎಲ್ಲವೂ ಅಪಸ್ವರ ಅನ್ನಿಸುತ್ತಿತ್ತು. ಅವತ್ತು ಅಭ್ಯಾಸ ಬೆಳಿಗ್ಗೆಯೇ ಮುಗಿಸಿದೆ. ರಾತ್ರಿ ಖಾಲಿ ಕಿವಿಯಲ್ಲಿ ಕೂತೆ. ಆಲ್ಬಮ್ ಕೊನೆಯ ತನಕ ಹೋಯಿತು.

ಇವತ್ತು ಸಿನಿಮಾವನ್ನು ಮತ್ತೆ ನೋಡಿದೆ. ಕಥಾನಾಯಕ, ಗಗನಯಾತ್ರಿ ಟೇಲರ್ ಸಮುದ್ರದ ದಂಡೆಯಲ್ಲಿ ಕುದುರೆಯ ಮೇಲೆ ಹೋಗುತ್ತಾನೆ. ಮುರಿದು ಮರಳಲ್ಲಿ ಹೂತ ನ್ಯೂಯಾರ್ಕ್‌ನ ಲಿಬರ್ಟಿ ಪ್ರತಿಮೆ ಕಾಣುತ್ತದೆ. ಅವನು ಬಂದಿಳಿದದ್ದು ಬೇರೆ ಗ್ರಹ ಅಲ್ಲ, ಅವನದೇ ಭೂಮಿ. ಅಲ್ಲಿ ಸಂಗೀತ ಇಲ್ಲ! ಮೊದಲ ಸಲ ನೋಡಿದಾಗ ಇದು ಗಮನಕ್ಕೇ ಬಂದಿರಲಿಲ್ಲ. ಬರೀ ಅಲೆಗಳ ಸದ್ದು. ಕೊನೆಯ ಹೆಸರುಗಳು ಬರುವಾಗಲೂ ಅಲೆಗಳೇ.

ಇಡೀ ಸಿನಿಮಾದಲ್ಲಿ ಆ ಮನುಷ್ಯನಿಗೆ ತಾನು ಎಲ್ಲಿದ್ದೇನೆ ಅಂತ ಗೊತ್ತಿಲ್ಲ. ಅಷ್ಟೂ ಹೊತ್ತು ಸಂಗೀತಕ್ಕೂ ಷಡ್ಜ ಇಲ್ಲ. ಎಲ್ಲಿದ್ದೇನೆ ಅಂತ ಗೊತ್ತಾದ ಕ್ಷಣಕ್ಕೆ ಸಂಗೀತವೇ ನಿಂತುಹೋಗುತ್ತದೆ. ಆಗ ಬಂದ ಅಲೆಗಳ ಸದ್ದು ನನಗೆ ತಂಬೂರಿಯ ಹಾಗೆ ಕೇಳಿಸಿತು. ಕೆಳಗಿನ ತಂತಿ ಅವರೇ, ನೀವು ಮನೆ ಕಳೆದುಕೊಂಡವರ ಬಗ್ಗೆ ಬರೆದಿದ್ದಿರಲ್ಲ, ಆ ಸಾಲು ಆ ಹೊತ್ತಿಗೆ ನೆನಪಾಯಿತು. ತುಂಬಾ ಅತ್ತೆ.

ಕೆಳಗಿನ ತಂತಿ | ಶನಿವಾರ ರಾತ್ರಿ

ಮೀಟು ಅವರೇ, ಈ ಸಂಗೀತವನ್ನು ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ. ಅಲೆಗಳನ್ನು ತಂಬೂರಿಯಾಗಿ ಕೇಳಿಸಿಕೊಂಡಿರಲಿಲ್ಲ. ನಾಳೆ ಕೊನೆಯ ಹತ್ತು ನಿಮಿಷ ಮತ್ತೆ ನೋಡುತ್ತೇನೆ.

ಸಂಜೆ ಬಸ್ಸು | ಭಾನುವಾರ ಬೆಳಿಗ್ಗೆ

ಮೀಟು ಅವರ ಬರಹ ಓದಿ 'ದಿ ಹಂಟ್' ಹಾಕಿದೆ. ಎರಡೂವರೆ ನಿಮಿಷಕ್ಕೆ ನಿಲ್ಲಿಸಿದೆ. ನನಗೆ ಇನ್ನೂ ಆಗುವುದಿಲ್ಲ. ಆದರೆ ಸಿನಿಮಾದ ಕೊನೆಯ ದೃಶ್ಯ ನಾನೂ ಮತ್ತೆ ನೋಡುತ್ತೇನೆ. 'ಚೈನಾಟೌನ್' ಮಾತ್ರ ನಿನ್ನೆಯಿಂದ ಮೂರು ಸಲ ಕೇಳಿದೆ. ಬೆಳ್ಳಿಪರದೆ ಅವರಿಗೆ ಥ್ಯಾಂಕ್ಸ್.

ತಕಧಿಮಿ | ಭಾನುವಾರ ಮಧ್ಯಾಹ್ನ

ಮೀಟು ಅವರೇ, ಮುಂದೆ 'ಏಲಿಯನ್' ಕೇಳಿ. ಅದರಲ್ಲಿ ಶಂಖ ಇದೆ! ಶಂಖ, ಡಿಜೆರಿಡೂ ಅನ್ನುವ ಆಸ್ಟ್ರೇಲಿಯಾದ ಉದ್ದನೆಯ ಮರದ ಊದುವ ಕೊಳವೆ, ಮತ್ತೆ ಸರ್ಪೆಂಟ್ ಅನ್ನುವ ಹಾವಿನ ಹಾಗೆ ಸುರುಳಿ ಇರುವ ಹಳೆಯ ಊದುವ ವಾದ್ಯ. ಶಂಖವನ್ನೂ ಎಕೋಪ್ಲೆಕ್ಸ್‌ಗೆ ಹಾಕಿದ್ದಾರೆ. ದೇವರ ಮನೆಯಲ್ಲಿ ಕೇಳಿದ ಸದ್ದು ಅಲ್ಲಿ ಹೇಗಾಗಿದೆ ಅಂತ ನೀವೇ ನೋಡಬೇಕು.

ಮಾಗಡಿ ರಸ್ತೆ | ಭಾನುವಾರ ಸಂಜೆ

ಇವತ್ತು ಊರಿಗೆ ಹೋಗಿದ್ದೆ. ನಮ್ಮ ಬೀದಿಯಲ್ಲಿ ಉರುಮೆ ನುಡಿಸುವ ಹಿರಿಯರು ಒಬ್ಬರಿದ್ದಾರೆ. ಫೋನಲ್ಲಿ 'ದಿ ಹಂಟ್' ಹಾಕಿ ಅವರ ಕಿವಿಯ ಹತ್ತಿರ ಹಿಡಿದೆ. ಸಿನಿಮಾ, ಕೋತಿ, ಏನೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೇಳಿದರು. ಕುಯಿಕಾ ಬಂದ ತಕ್ಷಣ ಕೈ ಎತ್ತಿ ನಿಲ್ಲಿಸು ಅಂದರು. "ಇದು ಹೊಡೆಯೋದಲ್ಲ ಕಣಪ್ಪ, ಉಜ್ಜೋದು. ಚರ್ಮ ಹದವಾಗಿದೆ. ಇನ್ನೊಂದು ಸಲ ಹಾಕು" ಅಂದರು.

ನಾಲ್ಕು ಸಲ ಹಾಕಿದೆ. ಕೊನೆಯ ಸಲ ಅವರು ಒಳಗೆ ಹೋಗಿ ಉರುಮೆ ತಂದು ಜತೆಗೆ ಉಜ್ಜಿದರು.